ಕನ್ನಡಕ ತೆಗೆದ ಮೇಲೆ

ಪ್ರಿಯರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ನಿಮ್ಮ ಕಥೆಯಲ್ಲಿ ಚಿಕ್ಕಮಗಳೂರಿನ ಹತ್ತಿರದ ಶಾಲೆಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಬರುತ್ತದೆ: ಹಾಕಿಕೊಂಡರೆ ತೋರಿಸಿದ ಜಾಗದೊಳಗೇ ನಿಂತಂತೆ ಅನಿಸುವ ಸಾಧನ. ಮಕ್ಕಳು ಅದರಲ್ಲಿ ಹಿಮ ಕರಗುವುದನ್ನು, ಅಮೆಜಾನ್ ಉರಿಯುವುದನ್ನು ನೋಡುತ್ತಾರೆ, ಮರ ಕಡಿಯುತ್ತಾರೆ, ಅಳುತ್ತಾರೆ, ಮರುದಿನ ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ಸಸಿ ನೆಡುತ್ತಾರೆ. ಇದರಲ್ಲಿ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು: ಹಿಮ ಬಿರುಕು ಬಿಟ್ಟಾಗ ಹುಡುಗಿ ಎರಡೂ ಕಾಲನ್ನು ಬೆಂಚಿನ ಮೇಲೆ ಎತ್ತಿಕೊಳ್ಳುತ್ತಾಳೆ. ಸುಳ್ಳೆಂದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಆ ಕನ್ನಡಕದ ಬಲವೆಲ್ಲ ಅಲ್ಲಿದೆ. ಉಳಿದ ಪುಟಗಳಲ್ಲಿ 'ಜಾಗೃತಿ', 'ಭೂತಾಯಿ' ಎಂಬ ಭಾಷಣದ ಮಾತುಗಳೇ ತುಂಬಿವೆ. ಹೊಡೆದುಹಾಕಿ.

2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಿಮಗೆ ತಿಳಿದಿರಲಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕ ಜೆರೆಮಿ ಬೇಲೆನ್ಸನ್ ಮತ್ತು ಸಂಗಡಿಗರು ಕೆಲವರಿಗೆ ಮರ ಕಡಿಯುವ ವಿವರವನ್ನು ಓದಲು ಕೊಟ್ಟರು. ಇನ್ನು ಕೆಲವರ ಕೈಗೆ ಗರಗಸದಂತೆ ಅದುರುವ ಹಿಡಿಕೆ ಕೊಟ್ಟು, ಕನ್ನಡಕದೊಳಗೆ ಮರ ಉರುಳಿಸಲು ಹೇಳಿದರು. ಆಮೇಲೆ ಮೇಜಿನ ಮೇಲೆ ನೀರು ಚೆಲ್ಲಿದಾಗ, ಮರ ಉರುಳಿಸಿದವರು ಒರೆಸಲು ಓದಿದವರಿಗಿಂತ ಶೇ. 20ರಷ್ಟು ಕಡಿಮೆ ಕಾಗದ ಬಳಸಿದರು. ನಿಮ್ಮ ಕಥೆಗೂ ಅಂಥದೊಂದು ಒದ್ದೆ ಮೇಜು ಬೇಕು.

ಅದು ನಿಮ್ಮಲ್ಲೇ ಇದೆ. ಹುಡುಗಿಯ ಅಪ್ಪ ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರುವ ಕೆಲಸ, ಮಾಡುವವನೆಂದು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ಕಥೆ ಇರುವುದೇ ಅಲ್ಲಿ! ಶಾಲೆಯಲ್ಲಿ ಮರ ಕಡಿದು ಅತ್ತವಳು ಸಂಜೆ ತೋಟದ ಕೂಲಿಯವರ ಲೈನ್ ಮನೆಗೆ ಬರುತ್ತಾಳೆ. ಅಪ್ಪ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದಾನೆ. ಮಳೆಗೆ ಮುಂಚೆ ನೆರಳುಮರದ ಕೊಂಬೆ ಸವರದಿದ್ದರೆ ಕಾಫಿ ಗಿಡಕ್ಕೆ ಬೆಳಕಿಲ್ಲ, ಅವನಿಗೆ ಕೂಲಿಯಿಲ್ಲ. ಕೊಂಬೆ ಸವರುವುದೇ ಬೇರೆ, ಹಳೆಯ ಕಾಡುಮರ ತೆಗೆದು ಹೊರಗಿನಿಂದ ಬಂದ ಸಿಲ್ವರ್ ಓಕ್ ಮರ ನೆಡುವುದೇ ಬೇರೆ. ಕನ್ನಡಕ ಅದನ್ನು ಹೇಳಿಕೊಡದು, ಮರ ಹತ್ತುವ ಅವನಿಗೆ ಗೊತ್ತು. ಅವಳು ಏನು ಕೇಳುತ್ತಾಳೆ? ಅವನು ಕತ್ತಿ ಕೆಳಗಿಟ್ಟು ಉತ್ತರಿಸುತ್ತಾನೋ, ಮಸೆಯುತ್ತಲೇ ಉತ್ತರಿಸುತ್ತಾನೋ? ನನಗೆ ಅದು ಬೇಕು.

ಸಸಿ ನೆಡುವ ಕೊನೆಯನ್ನು ದಯವಿಟ್ಟು ತೆಗೆಯಿರಿ. ಮುಳ್ಳಯ್ಯನಗಿರಿಯ ಹುಲ್ಲು ಬೋಳು ಜಾಗವಲ್ಲ. ಕಣಿವೆಯಲ್ಲಿ ಶೋಲಾ ಎಂಬ ಕುಳ್ಳುಮರಗಳ ದಟ್ಟ ಕಾಡು, ಬೆಟ್ಟದ ಮೈಮೇಲೆ ಹುಲ್ಲು: ಅದರ ಸಹಜ ರೂಪವೇ ಹೀಗೆ. ಮಳೆನೀರನ್ನು ಇಂಗಿಸಿ ಹಳ್ಳಗಳಿಗೆ ಬಿಡುವುದರಲ್ಲಿ ಹುಲ್ಲಿಗೂ ಪಾಲಿದೆ. ಅಲ್ಲಿ ಗುಂಡಿ ತೋಡುವುದನ್ನು ಒಳ್ಳೆಯ ಕೆಲಸವೆಂದು ಈ ಜಿಲ್ಲೆಯ ಮಕ್ಕಳ ಮುಂದಿಡಲು ನನ್ನಿಂದಾಗದು.

ಅಮೆಜಾನ್ ಬದಲು ಕುದುರೆಮುಖವನ್ನು ತೋರಿಸಿ. ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅಗೆಯುವ ಮುಂಚೆ ಆ ಬೆಟ್ಟ ಹೇಗಿತ್ತೆಂದು ಇಂದಿನ ಯಾವ ಮಗುವೂ ಹೋಗಿ ನೋಡಲಾರದು; ಕನ್ನಡಕದೊಳಗೆ ನೋಡಬಹುದು.

ಮೂರು ವಾರ ತೆಗೆದುಕೊಳ್ಳಿ. ತಿದ್ದುವಾಗ, ಬೆಂಚಿನ ಮೇಲೆ ಕಾಲೆತ್ತಿಕೊಂಡ ಆ ವಾಕ್ಯವನ್ನು ಮಾತ್ರ ಮುಟ್ಟಬೇಡಿ.

ಇಂತಿ,
ಸಂಪಾದಕ