ಕ್ರಿಯಾಟಿನಿನ್ 1.3 ಬಂದರೆ ಕಿಡ್ನಿ ಡಾಕ್ಟರ ಹತ್ತಿರ ಹೋಗಬೇಕೇ?

ತಾಯಿಗೆ 62 ವರ್ಷ, ಶುಗರ್ ಹಳೆಯದು, ಬಿಪಿಗೆ ಟೆಲ್ಮಿಸಾರ್ಟಾನ್, ಮಂಡಿನೋವಿಗೆ ಮೆಡಿಕಲ್‌ನಿಂದ ತಂದ ಮಾತ್ರೆ, ಕ್ರಿಯಾಟಿನಿನ್ 1.3. ಮಂಡ್ಯದಿಂದ ಮೈಸೂರಿಗೆ ನೆಫ್ರಾಲಜಿಸ್ಟ್ ಹತ್ತಿರ ಈಗಲೇ ಹೋಗಬೇಕಾ ಅಂತ ಕೇಳಿದ್ದೀರಿ. ಈ ವಾರವೇ ಓಡಬೇಕಾಗಿಲ್ಲ. ಹಾಗಂತ ‘ಸ್ವಲ್ಪ ಜಾಸ್ತಿ ಅಷ್ಟೇ’ ಅಂತ ಕೈಬಿಡುವ ಹಾಗೂ ಇಲ್ಲ.

ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ, ಅದನ್ನು ರಕ್ತದಿಂದ ಸೋಸಿ ಹೊರಹಾಕುವುದು ಕಿಡ್ನಿ. ವಯಸ್ಸು, ಗಂಡೋ ಹೆಣ್ಣೋ ನೋಡದೆ ಅದನ್ನು ಓದಬಾರದು. ಇದೇ 1.3 ಮೂವತ್ತೈದರ ಗಂಡಸಿಗೆ ಬಂದರೆ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಸುಮಾರು 73. ನಿಮ್ಮ ತಾಯಿಗೆ 46ರ ಆಸುಪಾಸು. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದಾಗಲೂ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ.

ಜನ ಬಿಟ್ಟುಬಿಡುವ ಟೆಸ್ಟ್ ಇನ್ನೊಂದಿದೆ: ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ರೇಶಿಯೋ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡುವುದು. ಬೆಳಗಿನ ಮೊದಲ ಮೂತ್ರ ಕೊಡಿ, ಜ್ವರ ಅಥವಾ ಉರಿಮೂತ್ರ ಇರುವ ದಿನ ಬೇಡ. 30 mg/g ಒಳಗಿದ್ದರೆ ಸರಿ. 300 ದಾಟಿದರೆ ಇಜಿಎಫ್‌ಆರ್ ಎಷ್ಟೇ ಇರಲಿ, ನೆಫ್ರಾಲಜಿಸ್ಟ್ ನೋಡಲೇಬೇಕು. ಇಜಿಎಫ್‌ಆರ್ 30ಕ್ಕಿಂತ ಇಳಿದರೆ, ವರ್ಷಕ್ಕೆ 5ಕ್ಕಿಂತ ಹೆಚ್ಚು ಕುಸಿಯುತ್ತಿದ್ದರೆ, ಮೂತ್ರದಲ್ಲಿ ರಕ್ತ ಬಂದರೆ, ಪೊಟ್ಯಾಸಿಯಂ ಏರಿಯೇ ಇದ್ದರೆ ಕೂಡ. ಮೂತ್ರ ತೀರಾ ಕಡಿಮೆಯಾಗಿ ಏದುಸಿರು ಬಂದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಕ್ಯಾಶುವಾಲಿಟಿ. ಉಳಿದದ್ದನ್ನು ಮಂಡ್ಯದಲ್ಲೇ ಒಳ್ಳೆ ಫಿಸಿಷಿಯನ್ ನೋಡಿಕೊಳ್ಳುತ್ತಾರೆ.

ನನಗೆ ಚಿಂತೆಯಾಗುವುದು ಆ ಮಂಡಿನೋವಿನ ಮಾತ್ರೆ. ಸ್ಟ್ರಿಪ್ ತಿರುಗಿಸಿ ನೋಡಿ: ಡೈಕ್ಲೋಫಿನ್ಯಾಕ್, ಅಸಿಕ್ಲೋಫಿನ್ಯಾಕ್, ಐಬುಪ್ರೊಫೆನ್ ಅಂತಿದ್ದರೆ ನಿಲ್ಲಿಸಿ. ಇವು ಕಿಡ್ನಿಯ ಸೋಸುವ ಭಾಗಕ್ಕೆ ರಕ್ತ ತರುವ ನಾಳವನ್ನು ಬಿಗಿಮಾಡುತ್ತವೆ, ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಎರಡೂ ಸೇರಿದರೆ ಒಳಗಿನ ಒತ್ತಡವೇ ಬಿದ್ದುಹೋಗುತ್ತದೆ. ಜೊತೆಗೆ ವಾಂತಿಭೇದಿಯೂ ಆದರೆ ಕಿಡ್ನಿ ದಿಢೀರ್ ಕೈಕೊಡಬಹುದು. ಹಾಗಂತ ಟೆಲ್ಮಿಸಾರ್ಟಾನ್ ನೀವೇ ಬಿಡಿಸಬೇಡಿ, ಅದು ಕಿಡ್ನಿ ಕಾಯುವ ಮಾತ್ರೆ. ವಾಂತಿಭೇದಿಯಾದ ದಿನ ಅದನ್ನೂ, ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಅದನ್ನೂ ತಡೆಹಿಡಿಯಬೇಕಾ ಅಂತ ಈಗಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ನೋವಿಗೆ ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಲೋಹದ ಭಸ್ಮದ ಔಷಧಿಯೂ ಬೇಡ.

ಬಿಪಿ 130/80ರೊಳಗೆ ಇರಲಿ. ಉಪ್ಪು ದಿನಕ್ಕೆ ಒಟ್ಟು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳದ್ದೂ ಇದರಲ್ಲೇ ಲೆಕ್ಕ. ‘ಲೋ ಸೋಡಿಯಂ’ ಉಪ್ಪು ತರಬೇಡಿ, ಅದರಲ್ಲಿರುವುದು ಪೊಟ್ಯಾಸಿಯಂ. ಮದ್ದೂರಿನ ಎಳನೀರು ನಮ್ಮ ಕಡೆ ಎಲ್ಲದಕ್ಕೂ ಮದ್ದು, ಆದರೆ ಅದರಲ್ಲೂ ಪೊಟ್ಯಾಸಿಯಂ ಜಾಸ್ತಿ. ರಕ್ತದ ಪೊಟ್ಯಾಸಿಯಂ ರಿಪೋರ್ಟ್ ಬರುವವರೆಗೆ ದಿನಾ ಕುಡಿಸಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಕ್ರಿಯಾಟಿನಿನ್ ರಿಪೋರ್ಟೆಲ್ಲ ಹುಡುಕಿ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಮೂರು ವರ್ಷದ ಹಿಂದೆಯೂ 1.3 ಇದ್ದದ್ದಕ್ಕೂ, ಹೋದ ವರ್ಷ 0.9 ಇದ್ದು ಈಗ 1.3 ಆಗಿದ್ದಕ್ಕೂ ಡಾಕ್ಟರು ಹೇಳುವ ಮಾತೇ ಬೇರೆ.