ಅಪ್ಪನ ಸಂಗ್ರಹದ ಹಾಡುವ ಯಂತ್ರಗಳಿಗೆ ಕೀಲಿ ಕೊಡಬಹುದೇ?

ಪ್ರಶ್ನೆ: ಈಚೆಗೆ ತೀರಿಕೊಂಡ ನಮ್ಮ ತಂದೆಯವರು ಹಳೆಯ ಸಂಗೀತಯಂತ್ರಗಳನ್ನು ಸಂಗ್ರಹಿಸುತ್ತಿದ್ದರು. ಹಿತ್ತಾಳೆಯ ಉರುಳೆಯಿರುವ ಸ್ವಿಸ್ ಮ್ಯೂಸಿಕ್ ಬಾಕ್ಸ್, ಎಡಿಸನ್ ಫೋನೋಗ್ರಾಫ್ ಮತ್ತು ಅದರ ಸಿಲಿಂಡರುಗಳು, ಕಹಳೆಯ ಗ್ರಾಮೋಫೋನ್ ಅವುಗಳಲ್ಲಿ ಮುಖ್ಯವಾದವು. ಬಹಳ ವರ್ಷಗಳಿಂದ ಯಾವುದನ್ನೂ ನುಡಿಸಿಲ್ಲ. ಗಡಿಯಾರ ರಿಪೇರಿ ಮಾಡುವವರೊಬ್ಬರು ಎಲ್ಲವನ್ನೂ ಬಿಚ್ಚಿ, ಎಣ್ಣೆ ಹಾಕಿ, ಪಾಲಿಶ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಕೊಡಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಮೂರನ್ನೂ ಒಟ್ಟಿಗೆ ಕೊಡಬೇಡಿ. ಮ್ಯೂಸಿಕ್ ಬಾಕ್ಸನ್ನಂತೂ ಅಂಥದ್ದನ್ನೇ ಬಿಚ್ಚಿ ಜೋಡಿಸಿ ಅನುಭವವಿರುವವರ ಹೊರತು ಯಾರ ಕೈಗೂ ಕೊಡಬಾರದು.

ಅದರ ಉರುಳೆಯ ಮೈಮೇಲೆ ಸಾಲುಸಾಲಾಗಿ ನೆಟ್ಟ ಸಣ್ಣ ಮೊಳೆಗಳು ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟಿದಾಗ ಸ್ವರ ಹುಟ್ಟುತ್ತದೆ. ಬಿಗಿದ ಸ್ಪ್ರಿಂಗಿನ ಬಲ ಒಮ್ಮೆಲೇ ಬಿಚ್ಚಿಕೊಳ್ಳದಂತೆ ತಡೆದು ವೇಗವನ್ನು ಹದದಲ್ಲಿಡುವುದು ಒಂದು ತುದಿಯಲ್ಲಿ ಗಿರ್ರನೆ ತಿರುಗುವ ಪುಟ್ಟ ಗವರ್ನರ್ ಮಾತ್ರ. ಸ್ಪ್ರಿಂಗಿನಲ್ಲಿ ಕೀಲಿ ಉಳಿದಿರುವಾಗಲೇ ಯಾರಾದರೂ ಆ ಗವರ್ನರನ್ನು ಸಡಿಲಿಸಿದರೆ, ಅಥವಾ ಸವೆದ ಹಲ್ಲುಚಕ್ರವೊಂದು ಜಾರಿದರೆ, ಉರುಳೆ ಕಡಿವಾಣವಿಲ್ಲದೆ ಸುತ್ತಿ, ಕೆಲವೇ ಕ್ಷಣಗಳಲ್ಲಿ ಮೊಳೆಗಳು ಬಾಗಿ ಬಾಚಣಿಗೆಯ ಹಲ್ಲುಗಳು ಮುರಿದುಬೀಳುತ್ತವೆ. ಇದನ್ನು ಸರಿಪಡಿಸುವ ಖರ್ಚು ಎಷ್ಟೋ ಸಲ ಪೆಟ್ಟಿಗೆಯ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಹೊಸದಾಗಿ ಕೀಲಿ ಕೊಡಬೇಡಿ. ಹಾಡು ನಡುವೆ ನಿಂತಿದ್ದರೆ ಮೊಳೆಗಳು ಹಲ್ಲುಗಳಿಗೆ ತಾಗಿಕೊಂಡೇ ಇರುತ್ತವೆ. ಅಂಥ ಸ್ಥಿತಿಯಲ್ಲಿ ಪೆಟ್ಟಿಗೆಯನ್ನು ಸಾಗಿಸುವುದೂ ಅಪಾಯ. ಬಾಚಣಿಗೆಗೆ ಎಣ್ಣೆ ಬಿಡುವುದು ಬೇಡವೇ ಬೇಡ, ಅದು ದೂಳನ್ನು ಹಿಡಿದಿಟ್ಟುಕೊಂಡು ನಾದವನ್ನು ಮಂಕು ಮಾಡುತ್ತದೆ.

ಫೋನೋಗ್ರಾಫಿನಲ್ಲಿ ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ಹಾಡನ್ನು ಮೈಮೇಲೆ ಗೆರೆಗಳಾಗಿ ಕೊರೆದಿರುವ ಕೊಳವೆಯಂಥ ಸಿಲಿಂಡರುಗಳನ್ನು. ಎರಡು ನಿಮಿಷ ಹಾಡುವ ಸಿಲಿಂಡರಿನಲ್ಲಿ ಅಂಗುಲಕ್ಕೆ 100 ಗೆರೆಗಳಿದ್ದರೆ, ಎಡಿಸನ್ ಕಂಪನಿ 1908ರಲ್ಲಿ ತಂದ ನಾಲ್ಕು ನಿಮಿಷದ್ದರಲ್ಲಿ 200 ಗೆರೆಗಳಿವೆ. ಎರಡು ನಿಮಿಷದ್ದಕ್ಕೆ ಮಾಡಿದ ದಪ್ಪ ಮುಳ್ಳನ್ನು ಇವುಗಳ ಮೇಲೆ ಓಡಿಸಿದರೆ ಮೇಣದ ಗೆರೆಗಳು ಕೆಡುತ್ತವೆ. ಮೇಣದ ಸಿಲಿಂಡರನ್ನು ಹೊರಮೈ ಮುಟ್ಟದೆ, ಎರಡು ಬೆರಳುಗಳನ್ನು ಒಳಗೆ ತೂರಿಸಿ ಅಗಲಿಸಿ ಎತ್ತಬೇಕು. ನಿಮ್ಮೂರಿನ ಮಳೆಗಾಲದ ತೇವದಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದು ಸುಲಭ. ಬೂಷ್ಟು ತಿಂದ ಕಡೆ ಧ್ವನಿ ಮರಳಿ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸದೆ, ಒಣಗಿದ ಕಪಾಟಿನಲ್ಲಿ ನಿಲ್ಲಿಸಿಡಿ.

ಪಾಲಿಶ್ ಮಾತಿಗೆ ಒಪ್ಪಲೇಬೇಡಿ. ಎಡಿಸನ್ ಯಂತ್ರದ ಮೇಲಿನ ಚಿನ್ನದ ಬಣ್ಣದ ಗೆರೆ, ಅಕ್ಷರಗಳು ಉಜ್ಜಿದರೆ ಹೋಗುತ್ತವೆ, ಜೊತೆಗೆ ಬೆಲೆಯೂ ಇಳಿಯುತ್ತದೆ. ಹೊಳೆಯುವ ಹಳೆಯ ವಸ್ತುವನ್ನು ಕಂಡರೆ ನನಗೆ ಅನುಮಾನವೇ ಮೊದಲು ಬರುವುದು.

ಗ್ರಾಮೋಫೋನ್ ಈ ಮೂರರಲ್ಲಿ ಗಟ್ಟಿಜೀವ. ಆದರೆ ಅದು ಅಸಲಿಯೇ ಎಂದು ಮೊದಲು ತಿಳಿದುಕೊಳ್ಳಿ: ಹಳೆಯ ಪೋರ್ಟಬಲ್ ಯಂತ್ರದ ಮೋಟರಿಗೆ ಹೊಸ ಪೆಟ್ಟಿಗೆ, ಥಳಥಳಿಸುವ ಹಿತ್ತಾಳೆ ಕಹಳೆ ಜೋಡಿಸಿ, ಎಚ್.ಎಂ.ವಿ. ಕಂಪನಿಯ ಗುರುತಾದ ನಾಯಿಯ ಚಿತ್ರ ಅಂಟಿಸಿದವು ನಮ್ಮ ಹಳೆ ಸಾಮಾನಿನ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅಸಲಿಯಾಗಿದ್ದರೆ, ಉಕ್ಕಿನ ಮುಳ್ಳನ್ನು ರೆಕಾರ್ಡಿನ ಪ್ರತಿ ಬದಿಗೂ ಬದಲಿಸಿ. ಸವೆದ ಮುಳ್ಳು ಗೆರೆಯನ್ನು ಕೆರೆಯುತ್ತದೆ. ಆಮೇಲಿನ ಕಾಲದ ಪ್ಲಾಸ್ಟಿಕ್ ಎಲ್.ಪಿ. ರೆಕಾರ್ಡನ್ನು ಅದರ ಮೇಲೆ ಇಡಲೇಬೇಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡುಗಳನ್ನು ಸ್ಪಿರಿಟ್ಟಿನಿಂದ ತೊಳೆಯಬಾರದು, ಅವುಗಳಲ್ಲಿರುವ ಅರಗು ಅದರಲ್ಲಿ ಕರಗುತ್ತದೆ.

ಗ್ರಾಮೋಫೋನ್ ತಿರುಗುವಾಗ ಒಳಗೆ ದಡ್‌ದಡ್ ಸದ್ದು ಬಂದರೆ ಸ್ಪ್ರಿಂಗಿನ ಗ್ರೀಸ್ ಗಟ್ಟಿಯಾಗಿದೆ ಎಂದು ತಿಳಿಯಿರಿ. ಗಡಿಯಾರ ರಿಪೇರಿಯವರಿಗೆ ಕೊಡುವುದಾದರೆ ಈ ಮೋಟರೊಂದನ್ನು ಕೊಡಿ, ಅದೂ ಕೀಲಿಯನ್ನು ಪೂರ್ತಿ ಇಳಿಸಿದ ಮೇಲೆ.