ಕಾಲಿಗೆ ಬಲವಿಲ್ಲ ಸರಿ, ಕೈಗೇನಾಗಿದೆ?

ಪ್ರಶ್ನೆ: ಮಗನಿಗೆ ಆರು ವರ್ಷ, ಸ್ಪೈನಾ ಬೈಫಿಡಾ (ಬೆನ್ನುಹುರಿಯ ಕೊಳವೆ ಪೂರ್ತಿ ಮುಚ್ಚದೆ ಹುಟ್ಟುವ ತೊಂದರೆ). ಹುಟ್ಟಿದ ವಾರದಲ್ಲೇ ಬೆನ್ನಿನ ಗಂಟಿಗೆ ಆಪರೇಷನ್ ಆಗಿದೆ. ತಲೆಯಲ್ಲಿ ನೀರು ಇಳಿಸುವ ಕೊಳವೆ, ಅಂದರೆ ಶಂಟ್ ಇದೆ, ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾನೆ. ಮೂರ್ನಾಲ್ಕು ತಾಸಿಗೊಮ್ಮೆ ನಾನೇ ಪೈಪ್ ಹಾಕಿ ಮೂತ್ರ ತೆಗೆಯುತ್ತೇನೆ. 'ನಾನೇ ಮಾಡ್ತೀನಿ' ಅಂತ ಹಟ ಮಾಡುತ್ತಾನೆ. ಅತ್ತೆ ಬೇಡ ಅಂತಾರೆ. ಹೆಡ್‌ಮಾಸ್ಟರು ದಿನವಿಡೀ ನಾನು ಶಾಲೆಯಲ್ಲೇ ಕೂತಿರಬೇಕು ಅಂತಾರೆ. ಯಾವ ವಯಸ್ಸಿಗೆ ಕಲಿಸಬೇಕು?
– ಒಬ್ಬ ತಾಯಿ, ಮಾನ್ವಿ

ಉತ್ತರ: ಹಟ ಮಾಡುವ ಮಗ ಸಿಕ್ಕಿದ್ದು ನಿಮ್ಮ ಪುಣ್ಯ. ರಾಯಚೂರಿನ ನನ್ನ ಓಪಿಡಿಗೆ ಬರುವ ಎಷ್ಟೋ ಮಕ್ಕಳು, ಹತ್ತು ವರ್ಷವಾದರೂ 'ಹೆಸರೇನಪ್ಪಾ' ಅಂದರೆ ಅಮ್ಮನ ಮುಖ ನೋಡುತ್ತಾರೆ. ಹೆಸರು ಅಮ್ಮನೇ ಹೇಳುತ್ತಾಳೆ, ಎಲ್ಲಿ ನೋವು ಅಂತ ಅಮ್ಮನೇ ಹೇಳುತ್ತಾಳೆ, ಅಂಗಿ ಗುಂಡಿಯನ್ನೂ ಅಮ್ಮನೇ ಹಾಕುತ್ತಾಳೆ. 'ಪಾಪ, ಕೂಸು' ಅಂತ ಬೇರೆ. ಈ 'ಪಾಪ' ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಪೂರ್ತಿ ತಾನೇ ಮಾಡಿಕೊಳ್ಳುವುದು ಕೆಲವರಿಗೆ ಆರಕ್ಕೆ ಬರುತ್ತದೆ, ಕೆಲವರಿಗೆ ಹತ್ತಕ್ಕೆ, ಕೆಲವರಿಗೆ ಇನ್ನೂ ತಡ. ಶಂಟ್ ಇರುವ ಮಕ್ಕಳಿಗೆ ಒಂದಾದ ಮೇಲೊಂದು ಕೆಲಸ ನೆನಪಿಟ್ಟುಕೊಳ್ಳುವುದು ಕಷ್ಟವಾಗಬಹುದು. ಅದು ಸೋಮಾರಿತನ ಅಲ್ಲ, ಬಯ್ಯಬೇಡಿ. ಆದರೆ ಕೆಲಸದ ಒಂದು ತುಂಡು ಇವತ್ತಿನಿಂದಲೇ ಅವನದಾಗಬಹುದು.

ಕೊನೆಯ ತುಂಡಿನಿಂದ ಶುರು ಮಾಡಿ. ಮೂತ್ರ ನಿಂತ ಮೇಲೆ ಪೈಪನ್ನು ನಿಧಾನಕ್ಕೆ ಹೊರಗೆಳೆಯುವುದು ಅವನ ಪಾಲು. ಎಳೆಯುವಾಗ ಮತ್ತೆ ಹನಿ ಬಂದರೆ ಕೈ ನಿಲ್ಲಬೇಕು, ಹನಿ ನಿಂತ ಮೇಲೆ ಮತ್ತೆ ಎಳೆಯಬೇಕು. ಅಷ್ಟೇ. 'ಮುಗೀತು' ಅನ್ನುವುದೂ ಅವನ ಬಾಯಿಂದಲೇ ಬರಲಿ. ಅದು ಪಳಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು, ಡಬ್ಬಿಯಿಂದ ಸಾಮಾನು ತೆಗೆದು ಜೋಡಿಸುವುದು. ಪೈಪಿಗೆ ಹಚ್ಚುವ ಜೆಲ್ಲಿ ಚೆಲ್ಲುತ್ತಾನೆ, ಚೆಲ್ಲಲಿ ಬಿಡಿ. ಒಳಗೆ ಹಾಕುವ ಹಂತ ಎಲ್ಲಕ್ಕಿಂತ ಕೊನೆಗೆ. ಅದನ್ನು ನರ್ಸ್ ಎದುರಿಗೆ ಕೂತು ಕಲಿಸಬೇಕು, ಯೂಟ್ಯೂಬ್ ನೋಡಿ ಬೇಡ. ಈ ವಿಷಯದಲ್ಲಿ ನನಗೆ ಪುಕ್ಕಲು ಜಾಸ್ತಿ, ಇರಲಿ. ಅವನು ಕಲಿತ ಮೇಲೂ ಬಹಳ ದಿನ ಬಾಗಿಲ ಹೊರಗೆ ಒಬ್ಬ ದೊಡ್ಡವರು ಇರಲೇಬೇಕು. ಬಾಗಿಲು ಮಾತ್ರ ಮುಚ್ಚಿರಲಿ. ಪಡಸಾಲೆಯಲ್ಲಿ ನೆಂಟರ ಎದುರಿಗೆ ಮಾಡುವುದನ್ನು ಇವತ್ತೇ ಬಿಡಿ. ಅವನಿಗೂ ಮಾನ ಇದೆ ಅಲ್ವಾ?

ಅತ್ತೆಯವರ ಹೆದರಿಕೆ ಸೋಂಕಿನದ್ದಿರಬೇಕು. ಕೈ ಚೆನ್ನಾಗಿ ತೊಳೆದು, ಶುಚಿಯಾದ ಪೈಪಿನಿಂದ ಹೊತ್ತುಹೊತ್ತಿಗೆ ತೆಗೆದರೆ ಸಾಕು, ಆಪರೇಷನ್ ಕೋಣೆಯ ಮಡಿ ಬೇಕಿಲ್ಲ ಎಂದು ಅಮೆರಿಕದ ಮಿಷಿಗನ್‌ನಲ್ಲಿ ಡಾ. ಲ್ಯಾಪಿಡೆಸ್ 1972ರಲ್ಲೇ ಬರೆದರು. ಮೂತ್ರಚೀಲದಲ್ಲಿ ಮೂತ್ರ ತುಂಬಿ ನಿಲ್ಲುವುದೇ ದೊಡ್ಡ ಅಪಾಯ. ಅದು ಕಿಡ್ನಿಯನ್ನು ತಿನ್ನುತ್ತದೆ.

ಒಂದು ಎಚ್ಚರಿಕೆ. ಮೆಡಿಕಲ್ ಅಂಗಡಿಯವರು ಕೆಂಪು ರಬ್ಬರ್ ಪೈಪ್ ಕೊಟ್ಟರೆ ವಾಪಸ್ ಕೊಡಿ. ಈ ಮಕ್ಕಳಿಗೆ ರಬ್ಬರಿನ ಲ್ಯಾಟೆಕ್ಸ್‌ನಿಂದ ಅಲರ್ಜಿ ಆಗುವುದು ಜಾಸ್ತಿ, ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ಬಲೂನೂ ಬೇಡ. 'ನನಗೆ ರಬ್ಬರ್ ಆಗಲ್ಲ' ಅನ್ನುವುದನ್ನು ಅವನಿಗೇ ಬಾಯಿಪಾಠ ಮಾಡಿಸಿ. ಹಾಗೇ 'ತಲೆ ನೋಯ್ತಿದೆ, ವಾಂತಿ ಬರ್ತಿದೆ' ಅಂತ ಮೇಷ್ಟ್ರಿಗೆ ತಾನೇ ಹೇಳಲು ಬರಬೇಕು. ತಲೆನೋವು, ವಾಂತಿ, ಮಂಪರು ಒಟ್ಟಿಗೆ ಬಂದರೆ ಶಂಟ್ ಕಟ್ಟಿರಬಹುದು. ಆಗ ಪಿತ್ತ ಅಂತ ಕಷಾಯ ಕುಡಿಸುತ್ತಾ ಕೂರಬೇಡಿ, ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಅವತ್ತೇ ಹೊರಡಿ.

ಪಾದ ನೋಡಿಕೊಳ್ಳುವುದೂ ಅವನ ಕೆಲಸ. ಸಂಜೆ ಕ್ಯಾಲಿಪರ್ ಬಿಚ್ಚಿದ ಕೂಡಲೇ ಕೈಗನ್ನಡಿ ಹಿಡಿದು ಅಂಗಾಲು, ಹಿಮ್ಮಡಿ ನೋಡಲಿ: ಕೆಂಪಾಗಿದೆಯಾ, ಬೊಬ್ಬೆ ಎದ್ದಿದೆಯಾ? ಕಾಲಿಗೆ ಸ್ಪರ್ಶ ಇಲ್ಲದವನಿಗೆ ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಕಾದ ಬಂಡೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ.

ಇನ್ನು ಹೆಡ್‌ಮಾಸ್ಟರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡುವುದು ಶಾಲೆಯ ಹೊಣೆ. ತಾಯಿಯನ್ನು ಬೆಂಚಿನ ಮೇಲೆ ಕೂರಿಸುವುದು ಅನುಕೂಲವಲ್ಲ. ಚಿಲಕ ಇರುವ ಶೌಚಾಲಯ, ನೀರು, ಸೋಪು, ಬೆಲ್ ಹೊಡೆದಾಗ ಹೊರಗೆ ಬಿಡುವ ಮೇಷ್ಟ್ರು, ಇಷ್ಟನ್ನು ಬರೆದು ಕೊಡಿ. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ). ಅವನು ಪೂರ್ತಿ ಕಲಿಯುವವರೆಗೆ ಮಧ್ಯಾಹ್ನದ ಒಂದು ಸಲಕ್ಕೆ ನೀವು ಹೋಗಿ ಬನ್ನಿ, ಸಾಕು.

ಪ್ರಶ್ನೆ: ಚಡ್ಡಿ ಒದ್ದೆ ಆಗಬಾರದು ಅಂತ ಶಾಲೆಯ ದಿನ ಮಗಳಿಗೆ ನೀರು ಕಡಿಮೆ ಕೊಡುತ್ತೇವೆ. ಸರಿಯಾ?
– ಸಿಂಧನೂರು

ಉತ್ತರ: ತಪ್ಪು. ಸೋಂಕು, ಕಲ್ಲು, ಮಲಬದ್ಧತೆ ಮೂರನ್ನೂ ಕರೆದು ಕೂರಿಸುತ್ತಿದ್ದೀರಿ.

ಪ್ರಶ್ನೆ: ಜ್ವರ ಇಲ್ಲ, ನೋವಿಲ್ಲ. ಮೂತ್ರದ ರಿಪೋರ್ಟಲ್ಲಿ ಬ್ಯಾಕ್ಟೀರಿಯಾ ಬಂದಿದೆ. ಆ್ಯಂಟಿಬಯಾಟಿಕ್ ಕೊಡಲಾ?
– ಗಂಗಾವತಿ

ಉತ್ತರ: ಪೈಪ್ ಬಳಸುವ ಮಕ್ಕಳಲ್ಲಿ ಅದು ಇದ್ದೇ ಇರುತ್ತದೆ. ಮಗುವಿಗೆ ಚಿಕಿತ್ಸೆ ಕೊಡಬೇಕು, ಕಾಗದಕ್ಕಲ್ಲ. ಅಂಗಡಿಯಿಂದ ನೀವೇ ತಂದು ಕೊಡಬೇಡಿ.

ಪ್ರಶ್ನೆ: ನಮ್ಮೂರಿನ ಒಬ್ಬರು ಬೆನ್ನಿಗೆ ಬರೆ ಹಾಕಿದರೆ ಕಾಲು ಬರುತ್ತದೆ ಅಂತಾರೆ.
– ಕುಷ್ಟಗಿ

ಉತ್ತರ: ಬರುವುದು ಗಾಯ, ಕೀವು. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಪಕ್ಕದ ತಾಜ್ ಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗುತ್ತದೆ ಅಂತ ಮಕ್ಕಳನ್ನು ಕತ್ತಿನವರೆಗೆ ಮಣ್ಣಲ್ಲಿ ಹೂತಿದ್ದರಲ್ಲ, ಅದೂ ಇದೇ ಜಾತಿಯ ವೈದ್ಯ. ಅಂಥವರ ಮನೆ ಹೊಸ್ತಿಲು ತುಳಿಯಬೇಡಿ.

ಪ್ರಶ್ನೆ: ಮೊದಲ ಮಗುವಿಗೆ ಹೀಗಾಗಿದೆ. ಎರಡನೆಯದಕ್ಕೆ ಏನು ಮಾಡಬೇಕು?
– ಸಿರುಗುಪ್ಪ

ಉತ್ತರ: ಬಸಿರಾದ ಮೇಲೆ ಓಡಿ ಬಂದರೆ ತಡವಾಗಿರುತ್ತದೆ. ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭ ನಿಂತ ಮೊದಲ 28 ದಿನಗಳಲ್ಲೇ. ಮಗು ಬೇಕು ಅಂದುಕೊಂಡಾಗಲೇ ವೈದ್ಯರನ್ನು ಕಂಡು, ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲದ ಮಾತ್ರೆ ಬರೆಸಿಕೊಳ್ಳಿ. ಎಲ್ಲ ಬಸುರಿಯರಿಗೆ ಕೊಡುವ ಮಾಮೂಲಿ ಪ್ರಮಾಣ ನಿಮಗೆ ಸಾಲದು.